ತಾರಸಿಯಿಲ್ಲದ ಮನೆಗೂ ಒಂದು ಕಿಲೋವ್ಯಾಟ್

ಗೋಡೆಯ ಮೇಲೆ ಮೀಟರು ತಿರುಗುತ್ತಿದ್ದರೂ ಅಡುಗೆ ಸೌದೆಯಲ್ಲೇ ನಡೆಯುತ್ತಿದ್ದರೆ ಆ ಮನೆಯ ಇಂಧನ ಬಡತನ ನೀಗಿತು ಎನ್ನಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿಯವರು ಬಹಳ ಹಿಂದೆಯೇ ಈ ಮಾತಿಗೆ ಒತ್ತು ಕೊಟ್ಟಿದ್ದರು: ಎಷ್ಟು ವಿದ್ಯುತ್ ತಯಾರಾಯಿತು ಎಂದು ಲೆಕ್ಕ ಹಾಕುವ ಬದಲು ಬೆಳಕು, ನೀರು, ಅಡುಗೆ ಇವು ಮನೆಗೆ ಎಷ್ಟು ದಕ್ಕಿದವು ಎಂದು ನೋಡಬೇಕು.

ಆ ಲೆಕ್ಕವನ್ನೇ ಹಾಕೋಣ. ಒಂಬತ್ತು ವ್ಯಾಟಿನ ಮೂರು ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ 0.135 ಯೂನಿಟ್. 75 ವ್ಯಾಟಿನ ಫ್ಯಾನು ಹತ್ತು ಗಂಟೆ ತಿರುಗಿದರೆ 0.75. 1,500 ವ್ಯಾಟಿನ ಇಂಡಕ್ಷನ್ ಒಲೆ ಎರಡು ಗಂಟೆಗೆ 3 ಯೂನಿಟ್ ಕುಡಿಯುತ್ತದೆ. ಒಟ್ಟು ನಾಲ್ಕರೊಳಗೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ! ಹಾಗಾಗಿ ಬಡ ಮನೆಗಳ ಮಟ್ಟಿಗೆ ಸರ್ಕಾರದ ಹಣ ಹೋಗಬೇಕಾದದ್ದು ಈ ಮೊದಲ ಕಿಲೋವ್ಯಾಟ್‌ಗೆ. 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಪಡೆದ ‘ಪಿಎಂ ಸೂರ್ಯ ಘರ್’ ಯೋಜನೆ ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರಕ್ಕೆ 78,000 ಸಬ್ಸಿಡಿ ಕೊಡುತ್ತದೆ. ಆದರೆ ಇದನ್ನು ಪಡೆಯಲು ನೆರಳು ಬೀಳದ ಸುಮಾರು ನೂರು ಚದರಡಿ ಸ್ವಂತ ತಾರಸಿ ಬೇಕು, ಉಳಿದ ಹಣವನ್ನೂ ಹೊಂದಿಸಬೇಕು. ಶೀಟ್ ಮನೆಯವರು, ಬಾಡಿಗೆದಾರರು ಇಲ್ಲೇ ಉದುರಿಹೋಗುತ್ತಾರೆ. ಹಣದ ತೊಡಕಿಗೆ ಉತ್ತರವಿದೆ: 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ, ಬಡವರ ಆದಾಯಕ್ಕೆ ಹೊಂದುವ ಕಂತಿನ ಬ್ಯಾಂಕ್ ಸಾಲ ಕೊಡಿಸಿಯೇ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿತು. ತಾರಸಿಯನ್ನು ಮಾತ್ರ ಸಾಲ ಕೊಟ್ಟು ತರಲಾಗದು.

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಟ್ಟಿ ಕರೆಂಟಿರುವಾಗ ಇದೆಲ್ಲ ಯಾಕೆ ಎನ್ನಬಹುದು. ಬಿಲ್ಲಿನ ಭಾರ ಅದರಿಂದ ಇಳಿದದ್ದು ನಿಜ. ಆದರೆ ಪ್ರತಿ ಮನೆಯ ಮಿತಿ, ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ ಗೊತ್ತುಮಾಡಿದ್ದು. ಬಡತನದಿಂದಲೇ ಕಡಿಮೆ ಬಳಸಿದವರಿಗೆ ಕಡಿಮೆ ಪಾಲು. ಇಂಡಕ್ಷನ್ ಒಲೆ ಕೇಳುವ ತಿಂಗಳ 90 ಯೂನಿಟ್ ಅದರಲ್ಲಿ ಹಿಡಿಸುವುದಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಅಡುಗೆಯ ಹೊತ್ತಿಗೆ, ಅಂದರೆ ಸಂಜೆ, ಬಿಸಿಲಿರುವುದಿಲ್ಲ. ಹಗಲಿನ ವಿದ್ಯುತ್ತನ್ನು ಲೈನಿಗೆ ಕೊಟ್ಟು ಸಂಜೆ ವಾಪಸು ಪಡೆದರೆ ಹೊರೆ ವಿದ್ಯುತ್ ಹಂಚುವ ಎಸ್ಕಾಂ ಮೇಲೆ ಬೀಳುತ್ತದೆ. ಬೆಳಗಿನ ಅಡುಗೆಯನ್ನು ಬಿಸಿಲೇರಿದ ಮೇಲೆ ಮಾಡಿ ಎಂದು ಕೂಲಿಗೆ ಹೊರಟವರಿಗೆ ಹೇಳಲಾಗದು. ಬ್ಯಾಟರಿಯ ಖರ್ಚನ್ನೂ ಯೋಜನೆಯೊಳಗೇ ಸೇರಿಸಬೇಕು.

ಫಲಕ ಮನೆಯ ಮೇಲೆಯೇ ಇರಬೇಕೆಂಬ ಹಟ ಬಿಟ್ಟರೆ ತಾರಸಿಯ ತೊಡಕು, ಬ್ಯಾಟರಿಯ ತೊಡಕು ಎರಡೂ ಸಲೀಸಾಗುತ್ತವೆ. ಪಾವಗಡದಲ್ಲಿ ರೈತರ 13,000 ಎಕರೆಯನ್ನು ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯಕ್ಕೆ, ಹೋಬಳಿಗೊಂದು ಸಣ್ಣ ಘಟಕ, ಪಕ್ಕದಲ್ಲಿ ಬ್ಯಾಟರಿ ದೊಡ್ಡ ಮಾತಲ್ಲ. ಬೇರೆಡೆ ತಯಾರಾದ ಯೂನಿಟ್ಟನ್ನು ಮನೆಯ ಬಿಲ್ಲಿಗೆ ಜಮಾ ಮಾಡುವ ಪದ್ಧತಿಗೆ ದೆಹಲಿ 2019ರಲ್ಲೇ ನಿಯಮ ರೂಪಿಸಿದೆ. ಬಾಡಿಗೆದಾರರನ್ನು ಗುರುತಿಸುವುದು ಹೇಗೆ? ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ ಗೃಹಜ್ಯೋತಿಯೇ ಆ ಕೆಲಸ ಮಾಡಿಟ್ಟಿದೆ.