ಎಂಜಿನ್ನಿನ ಸಂಪೀಡನ ಅನುಪಾತ

ಹಳೆಯ ಕಾರಿನ ಎಂಜಿನ್ ಬಿಚ್ಚಿ ಸಿಲಿಂಡರ್ ಬೋರ್ ಮಾಡಿಸಿದ ಮೇಲೆ, ಹೆಡ್ ಕೂರಿಸುವ ಮುನ್ನ ಒಂದು ಲೆಕ್ಕ ಆಗಬೇಕು. ಪಿಸ್ಟನ್ ತೀರ ಕೆಳಗಿದ್ದಾಗ ಅದರ ಮೇಲಿರುವ ಒಟ್ಟು ಘನಫಲವನ್ನು, ಅದು ತೀರ ಮೇಲೆ ಬಂದಾಗ ಉಳಿಯುವ ಘನಫಲದಿಂದ ಭಾಗಿಸಿದರೆ ಸಿಗುವುದೇ ಸಂಪೀಡನ ಅನುಪಾತ.

ವಿದ್ಯಾರ್ಥಿ ಮಿತ್ರರೇ, ಮಾರುತಿ 800 ಕಾರಿನ ಮೂರು ಸಿಲಿಂಡರುಗಳ ಎಂಜಿನ್ನನ್ನೇ ನೋಡಿ. ಸಿಲಿಂಡರಿನ ವ್ಯಾಸ 6.85 ಸೆಂ.ಮೀ., ಪಿಸ್ಟನ್ ಚಲಿಸುವ ದೂರ 7.2 ಸೆಂ.ಮೀ. ಶಾಲೆಯಲ್ಲಿ ಕಲಿತ ಸೂತ್ರದಂತೆ ಘನಫಲ 265.3 ಘನ ಸೆಂ.ಮೀ. ಮೂರರಿಂದ ಗುಣಿಸಿದರೆ 796. ಹೆಸರಿನ 800 ಇದೇ!

ಕಷ್ಟವಿರುವುದು ಮೇಲೆ ಉಳಿಯುವ ಜಾಗವನ್ನು ಅಳೆಯುವುದರಲ್ಲಿ. ಹೆಡ್ಡಿನ ಕುಳಿ ಅಂಕುಡೊಂಕು, ಸೂತ್ರಕ್ಕೆ ಸಿಗದು. ಇಲ್ಲಿ ರಸಾಯನಶಾಸ್ತ್ರದ ಬ್ಯೂರೆಟ್ ನೆರವಿಗೆ ಬರುತ್ತದೆ. ವಾಲ್ವ್, ಸ್ಪಾರ್ಕ್ ಪ್ಲಗ್ ಹಾಕಿದ ಹೆಡ್ಡನ್ನು ಮಗುಚಿಟ್ಟು, ಸಣ್ಣ ತೂತಿರುವ ಪ್ಲಾಸ್ಟಿಕ್ ಹಾಳೆಯನ್ನು ಗ್ರೀಸ್ ಹಚ್ಚಿ ಅಂಟಿಸಿ, ಗುಳ್ಳೆ ನಿಲ್ಲದಂತೆ ಸೀಮೆಎಣ್ಣೆ ತುಂಬಬೇಕು. ಹಿಡಿದ ಎಣ್ಣೆಯೇ ಕುಳಿಯ ಅಳತೆ. ಅದಕ್ಕೆ ಪಿಸ್ಟನ್ ತಲೆಯ ತಗ್ಗು, ಬ್ಲಾಕಿನ ಅಂಚಿಗೂ ಪಿಸ್ಟನ್ನಿಗೂ ನಡುವಿನ ಸಂದು, ಬೋಲ್ಟ್ ಬಿಗಿದ ಮೇಲೆ ಗ್ಯಾಸ್ಕೆಟ್ ಉಳಿಸುವ ಜಾಗ, ಇವನ್ನೂ ಸೇರಿಸಬೇಕು.

ಎಲ್ಲ ಸೇರಿ 34 ಬಂತೆನ್ನೋಣ. 265.3ಕ್ಕೆ 34 ಕೂಡಿಸಿ (ಇದನ್ನು ಮರೆಯುವವರುಂಟು) 34ರಿಂದ ಭಾಗಿಸಿದರೆ 8.8. ವ್ಯಾಸ ಅರ್ಧ ಮಿ.ಮೀ. ಹಿಗ್ಗಿದರೆ 8.9, ಅಷ್ಟೇನೂ ಅಲ್ಲ. ಆದರೆ ಮಟ್ಟ ಮಾಡಲೆಂದು ಹೆಡ್ಡಿನ ಮುಖವನ್ನೂ ಹೆರೆಸಿ ಆ 34 ಎಂಬುದು 32ಕ್ಕೆ ಇಳಿದರೆ? ಅನುಪಾತ 9.4ಕ್ಕೆ ಜಿಗಿಯುತ್ತದೆ. ಅನುಪಾತ ಏರಿದಷ್ಟೂ ಶಕ್ತಿ ಹೆಚ್ಚೇನೋ ನಿಜ. ಮಿತಿಮೀರಿದರೆ ಮಾತ್ರ, ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಈ ನಾಕಿಂಗ್ ಬಲವಾಗಿ ಮುಂದುವರಿದರೆ ಪಿಸ್ಟನ್ನೇ ತೂತಾಗಬಹುದು. ಆಗ ದಪ್ಪನೆಯ ಗ್ಯಾಸ್ಕೆಟ್ ಹಾಕಿ ಆ ಎರಡು ಘನ ಸೆಂ.ಮೀ. ಜಾಗವನ್ನು ಮರಳಿ ಕೊಡಬೇಕು, ಇಲ್ಲವೇ ಹೆಚ್ಚು ಆಕ್ಟೇನ್ ಸಂಖ್ಯೆಯ ಪೆಟ್ರೋಲ್ ಹಾಕಬೇಕು.