ಕಮಲಾಪುರದ ಬಂಡೆಗಳಲ್ಲಿ ಕೊಂಬಿನ ಗೂಬೆ

ಕಮಲಾಪುರದಿಂದ ದರೋಜಿ ಕಡೆ ಹೊರಟರೆ ಬಾಳೆ ತೋಟ, ಕಬ್ಬಿನ ಗದ್ದೆಗಳ ನಡುವೆಯೇ ಹೆಬ್ಬಂಡೆಗಳ ರಾಶಿ. ಹಂಪಿಗೆ ಬಂದವರು ಸೂರ್ಯಾಸ್ತ ನೋಡಲು ಮಾತಂಗ ಬೆಟ್ಟ ಹತ್ತುವ ಹೊತ್ತಿಗೆ ಗೂಬೆಯ ಹುಚ್ಚಿನವರು ಇತ್ತ ತಿರುಗುತ್ತಾರೆ. ದರೋಜಿಯ ಕರಡಿಧಾಮದ ಬಾಗಿಲು ಸಂಜೆಗೆ ಮುಚ್ಚುತ್ತದೆ, ಹಾಗಾಗಿ ನಮ್ಮದೆಲ್ಲ ರಸ್ತೆ ಬದಿಯ ವ್ಯವಹಾರ. ಗೂಬೆಗೆ ಬೇಕಾದ ಇಲಿ, ಹೆಗ್ಗಣ ಇರುವುದೂ ಗದ್ದೆಯಲ್ಲೇ.

ಹುಡುಕಾಟಕ್ಕೆ ಬೆಳಕಿರುವಾಗಲೇ ಬರಬೇಕು. ಬಂಡೆಯ ತುದಿಯಿಂದ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆಯ ಬಿಳಿ ಗೆರೆ ಇಳಿದಿದ್ದರೆ ಅಲ್ಲೊಬ್ಬರ ಕಾಯಂ ಠಿಕಾಣಿ ಇದೆಯೆಂದು ಲೆಕ್ಕ. ಕೆಳಗೆ ಕೂದಲು-ಮೂಳೆಯ ಉಂಡೆ ಬಿದ್ದಿರುತ್ತದೆ, ಗೂಬೆ ಅರಗಿಸಲಾಗದೆ ಕಾರಿದ್ದು. ಕಡ್ಡಿಯಿಂದ ಬಿಡಿಸಿದೆ. ಬೂದು ಕೂದಲೊಳಗೆ ಹೆಗ್ಗಣದ ಅರ್ಧ ದವಡೆ, ಅದರಲ್ಲಿ ಕಿತ್ತಳೆ ಬಣ್ಣದ ಬಾಚಿಹಲ್ಲು ಇನ್ನೂ ಗಟ್ಟಿಯಾಗಿ ಕೂತಿತ್ತು.

ಹಕ್ಕಿಯನ್ನು ತೋರಿಸಿಕೊಟ್ಟದ್ದು ಪಿಕಳಾರಗಳು. ಒಂದು ಬಿರುಕಿನೆದುರು ಸೇರಿ ಬೈಯುತ್ತಿದ್ದವು. ದುರ್ಬೀನು ಹಿಡಿದರೆ ಮೊದಲು ಕಂಡದ್ದು ಎರಡು ಕಿತ್ತಳೆ ಕಣ್ಣು. ಕಂದು ಮೈ, ಕಪ್ಪು ಗೀರು, ಗರಿಯ ಕೊಂಬು ಎಲ್ಲ ಆಮೇಲೆ.

ಡಿಸೆಂಬರಿನಲ್ಲಿ ಇಲ್ಲಿ ಆರರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಆಮೇಲೆ ಮೂರ್ನಾಲ್ಕು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ. ಕರಡಿಯೂ ಹೊರಡುವ ಹೊತ್ತದು, ಧಾಮದ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ. ಆದ್ದರಿಂದ ಕಾರೊಳಗೇ ಕೂತು, ಎಂಜಿನ್ ಆರಿಸಿ, ಕಿಟಕಿಯ ಮೇಲೆ ಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ಲೆನ್ಸ್ ಊರಿದ್ದಾಯಿತು.

ಹೊಸಬರು ಬೆಳಕು ಕುಗ್ಗಿದೊಡನೆ ಐಎಸ್‌ಒ ಏರಿಸಿಕೊಂಡೇ ಹೋಗುತ್ತಾರೆ. ನಾನು ಮೊದಲು ಶಟರ್ ಇಳಿಸುತ್ತೇನೆ. ಗೂಬೆಯ ಕಣ್ಣುಗುಡ್ಡೆ ಹೊರಳುವುದಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ತಲೆಯನ್ನೇ ತಿರುಗಿಸಬೇಕು. ತಿರುಗಿಸಿ ನಿಲ್ಲಿಸಿದಾಗ ಒಂದೆರಡು ಸೆಕೆಂಡು ಗರಿಯೂ ಅಲುಗದು. ಆ ನಿಲುಗಡೆಗೆ ಕಾದು ಒತ್ತಿದರೆ ಅಪರ್ಚರ್ 5.6, ಐಎಸ್‌ಒ 3200, ಶಟರ್ 1/30ರಲ್ಲೂ ಕಣ್ಣು ಚೂಪಾಗಿ ಬರುತ್ತದೆ. ಕೂಗುವಾಗ ಮಾತ್ರ ಬೇಡ. ಗಂಟಲಿನ ಬಿಳಿ ಪಟ್ಟಿ ಉಬ್ಬಿ ಮೈಯೆಲ್ಲ ಮುಂದಕ್ಕೆ ಬಾಗುತ್ತದೆ, ಚಿತ್ರ ಕಲಸಿಹೋಗುತ್ತದೆ. ಫೋಕಸ್ ತಡಕಾಡಿದರೆ ಆಕಾಶದೆದುರು ಕಾಣುವ ಕೊಂಬಿನ ಅಂಚಿಗೆ ಹಿಡಿಯಿರಿ.

ಕ್ಯಾಮೆರಾದ ಮೀಟರಿಗೆ ಮುಸ್ಸಂಜೆಯನ್ನೂ ಮಧ್ಯಾಹ್ನ ಮಾಡುವ ಚಟ. ಒಂದು ಸ್ಟಾಪ್ ತಗ್ಗಿಸಿ, ಅಲ್ಲಿಗೇ ಬಿಡಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಗಲು ಹೋದರೆ ನೆರಳಿನ ತುಂಬ ಬಣ್ಣಬಣ್ಣದ ಚುಕ್ಕಿ ಏಳುತ್ತವೆ.

ಟಾರ್ಚು, ಫ್ಲಾಶು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ಈ ಮೂರೂ ನನಗಾಗದು. ಈ ಗೂಬೆ ಗೂಡು ಕಟ್ಟುವುದಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಬಂಡೆಯ ಕಟ್ಟೆಯಲ್ಲಿ ಬರಿ ನೆಲಕ್ಕೇ ಮೊಟ್ಟೆಯಿಡುತ್ತದೆ. ಒಂದು ಚಿತ್ರಕ್ಕಾಗಿ ತಾಯಿಯನ್ನು ಎಬ್ಬಿಸುವವರಿಗೆ ಛಾಯಾಗ್ರಾಹಕರೆನ್ನಲು ನನಗೆ ಬಾಯಿ ಬಾರದು.

ಕೊಂಬಿನ ಗೂಬೆ ಸಿಗದ ದಿನ ಊರ ಹತ್ತಿರದ ಹಳೆ ಹುಣಸೆಮರಗಳ ಪೊಟರೆ ನೋಡಿ. ಅಲ್ಲಿರುವ ಹಾಲಕ್ಕಿ ಎಂಬ ಪುಟ್ಟ ಗೂಬೆ ಸೂರ್ಯ ಮುಳುಗುವ ಮುಂಚೆಯೇ ಹೊರಬಂದು ಕೂರುತ್ತದೆ, ಬೆಳಕು ಧಾರಾಳ. ಆದರೆ ನಿಮ್ಮನ್ನು ಕಂಡರೆ ತಲೆ ಕುಣಿಸುತ್ತಲೇ ಇರುತ್ತದೆ. ಅಲ್ಲಿ 1/30 ನಡೆಯುವುದಿಲ್ಲ, 1/250ಕ್ಕೆ ಏರಿಸಲೇಬೇಕು.