ಕೂಡಲು ಬಾರದ ಯಂತ್ರದ ತಂಪು ಕೋಣೆ

ಕಾನ್ಪುರದ ಐಐಟಿ ಆವರಣವನ್ನು ರೂಪಿಸಿದ ವಾಸ್ತುಶಿಲ್ಪಿ ಅಚ್ಯುತ ಕಾನ್ವಿಂದೆ ಉತ್ತರದ ಬಿಸಿಲನ್ನು ನೆರಳು, ಗಾಳಿಯಾಡುವ ಪಡಸಾಲೆಗಳಿಂದಲೇ ಎದುರಿಸಲು ನೋಡಿದವರು. ಆದರೆ 1963ರ ಆಗಸ್ಟಿನಲ್ಲಿ ಅಮೆರಿಕದಿಂದ ಬಂದ ಐಬಿಎಂ 1620 ಗಣಕಕ್ಕೆ ಅಷ್ಟು ಸಾಲದು. ಅದರ ಟ್ರಾನ್ಸಿಸ್ಟರುಗಳಿಗೆ ಸೆಕೆ ಆಗದು. ಸ್ಮೃತಿಯಲ್ಲಿದ್ದ ಫೆರೈಟ್ ಉಂಗುರಗಳ ಕಾಂತಗುಣವೂ ಉಷ್ಣತೆಯೊಂದಿಗೆ ಬದಲಾಗುತ್ತದೆ. ಮಳೆಗಾಲದ ತೇವಕ್ಕಂತೂ ಆದೇಶಗಳನ್ನು ತೂತುಗಳಾಗಿ ಹೊತ್ತ ಕಾಗದದ ಕಾರ್ಡುಗಳು ಉಬ್ಬಿ ಓದುಯಂತ್ರದಲ್ಲಿ ಸಿಕ್ಕಿಬೀಳುತ್ತವೆ. ಹಾಗಾಗಿ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ ಬೇಕಾಯಿತು.

ಇಷ್ಟೆಲ್ಲ ಉಪಚಾರ ಪಡೆದ ಯಂತ್ರಕ್ಕೆ ಕೂಡುವುದೇ ಬರುತ್ತಿರಲಿಲ್ಲ! ಸಂಕಲನಕ್ಕೆಂದು ಪ್ರತ್ಯೇಕ ಮಂಡಲ ಅದರಲ್ಲಿರಲಿಲ್ಲ. ಬದಲಿಗೆ ಸ್ಮೃತಿಯ ಒಂದು ಮೂಲೆಯಲ್ಲಿ ಮಗ್ಗಿಯ ಹಾಗೆ ನೂರು ಉತ್ತರಗಳ ಕೋಷ್ಟಕವಿತ್ತು. 7ಕ್ಕೆ 8 ಕೂಡಬೇಕೆಂದರೆ ಆ ಎರಡು ಅಂಕಿಗಳೇ ಕೋಷ್ಟಕದೊಳಗಿನ ವಿಳಾಸ. ಅಲ್ಲಿ 5, ಜೊತೆಗೆ ದಶಕ ಒಂದಿದೆ ಎಂಬ ಗುರುತು. ಬಲದಿಂದ ಎಡಕ್ಕೆ ಒಂದೊಂದೇ ಅಂಕಿಯನ್ನು ಹೀಗೆ ನೋಡಿ ಬರೆಯುತ್ತ ಹೋಗುವುದಷ್ಟೇ ಅದರ ಗಣಿತ. ಗುಣಾಕಾರಕ್ಕೆ ಇನ್ನೊಂದು ಕೋಷ್ಟಕ. ಯಾರಾದರೂ ತಪ್ಪಿ ಕೋಷ್ಟಕದ ಮೇಲೆ ಬೇರೇನನ್ನೋ ಬರೆದರೆ ಯಂತ್ರ ಒಂದಿಷ್ಟೂ ಅಳುಕದೆ ತಪ್ಪು ಮೊತ್ತ ಕೊಡುತ್ತಿತ್ತು. ತುಂಟರು ಬೇಕೆಂದೇ ತಿದ್ದಿ ಅದರಿಂದ ಹತ್ತರ ಬದಲು ಎಂಟರ ಆಧಾರದ ಲೆಕ್ಕವನ್ನೂ ಮಾಡಿಸಬಹುದಿತ್ತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಸಿಗುತ್ತಿತ್ತೆ ಎಂಬುದು ನನ್ನ ಅನುಮಾನ: ಲೆಕ್ಕದ ಒಳಗುಟ್ಟು ಬರಿಗಣ್ಣಿಗೇ ಬೀಳುತ್ತಿತ್ತು.

ಈ ಯಂತ್ರವಿದ್ದ ಗಣಕ ಕೇಂದ್ರದ ಮೊದಲ ಮುಖ್ಯಸ್ಥರು ಹಿರೇಮಗಳೂರು ಕೇಶವನ್. (ಹೌದು, ನಮ್ಮ ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರೇ.) ಅವರೂ ವಿ. ರಾಜಾರಾಮನ್, ಎಚ್.ಎನ್. ಮಹಾಬಲರಂಥವರೂ ಯಂತ್ರವನ್ನು ಸಂಶೋಧಕರಿಗಷ್ಟೇ ಮೀಸಲಿಡದೆ ವಿದ್ಯಾರ್ಥಿಗಳಿಗೂ ಬಿಟ್ಟುಕೊಟ್ಟರು. ಹೊರಗಿನ ವಿಜ್ಞಾನಿಗಳು, ಎಂಜಿನಿಯರುಗಳು ಕಿರು ತರಬೇತಿಗೆ ಬಂದು ಫೋರ್ಟ್ರಾನ್ ಎಂಬ ಗಣಕಭಾಷೆ ಕಲಿತು ಹೋಗುತ್ತಿದ್ದರು. ಒಂದು ಕಾರ್ಡಿನಲ್ಲಿ 80 ಕಂಬಸಾಲು, ಆದೇಶ ಬರೆಯಬೇಕಾದದ್ದು ಏಳನೆಯದರಿಂದ. ಆರನೆಯದರಲ್ಲಿ ತೂತು ಬಿತ್ತೆಂದರೆ ಯಂತ್ರ ಅದನ್ನು ಹಿಂದಿನ ಸಾಲಿನ ಬಾಲವೆಂದೇ ತಿಳಿಯುತ್ತಿತ್ತು. 1965ರ ಹೊತ್ತಿಗೆ ಗಣಕ ವಿಜ್ಞಾನ ಇಲ್ಲಿ ಪದವಿಗೆ ಓದುವ ವಿಷಯವೂ ಆಯಿತು.

1966ರಲ್ಲಿ ಇನ್ನೂ ದೊಡ್ಡದಾದ ಐಬಿಎಂ 7044 ಬಂತು. ವೇಗ ಹೆಚ್ಚಿತು, ಸಲಿಗೆ ತಗ್ಗಿತು. ಕಾರ್ಡಿನ ಕಟ್ಟು ಒಪ್ಪಿಸಿ ಬರಬೇಕು, ಸರದಿ ಬಂದಾಗ ಅದು ಓಡಬೇಕು. ಒಂದು ಅಲ್ಪವಿರಾಮ ತಪ್ಪಿತ್ತೆಂದು ತಿಳಿಯುತ್ತಿದ್ದುದು ಅಚ್ಚಾದ ಹಾಳೆ ಕೈಗೆ ಬಂದ ಮೇಲೆಯೇ.